‘ಬಾತ್‌ರೂಮಲ್ಲಿ ಜಾರಿ ಬಿದ್ದ’: ಕರ್ನಾಟಕದ ಸಂಸದರಿಗೆ ಒಂದು ಬಹಿರಂಗ ಪತ್ರ

ಲೋಕಸಭೆಯ 28 ಮತ್ತು ರಾಜ್ಯಸಭೆಯ 12 ಮಂದಿ ಮಾನ್ಯ ಸದಸ್ಯರಿಗೆ,

ನಮಸ್ಕಾರ.

ನಾನು ಒಂದು ತಾಲ್ಲೂಕು ಕೋರ್ಟಿನಲ್ಲಿ ಕ್ರಿಮಿನಲ್ ಕೇಸು ನಡೆಸುವ ವಕೀಲೆ. ಹದಿನಾಲ್ಕು ವರ್ಷವಾಯಿತು. ನಿಮ್ಮ ಮನೆ ಬಾಗಿಲಿಗೆ ವರ್ಗಾವಣೆ, ರಸ್ತೆ, ರೈಲು ನಿಲುಗಡೆ ಅಂತ ದಿನಾ ಅರ್ಜಿಗಳು ಬರುತ್ತವೆ. ನನ್ನದು ಅವುಗಳಿಗಿಂತ ಸ್ವಲ್ಪ ಬೇರೆ, ಓದೋಕೆ ಜಾಸ್ತಿ ಹೊತ್ತು ಹಿಡಿಯುತ್ತದೆ. ದಯವಿಟ್ಟು ಪಿಎ ಕೈಗೆ ಕೊಡದೆ ನೀವೇ ಓದಿ.

ಕೆಲವು ವರ್ಷದ ಹಿಂದೆ ಒಂದು ಭಾನುವಾರ ಸಂಜೆ ಮ್ಯಾಜಿಸ್ಟ್ರೇಟರ ಮನೆಗೆ ಒಬ್ಬ ಹುಡುಗನನ್ನು ರಿಮಾಂಡಿಗೆ ಕರೆತಂದರು. ಗಾರೆ ಕೆಲಸದವನು, ಇಪ್ಪತ್ತೆರಡು ವರ್ಷ. ಯಾರದೋ ತೋಟದ ಪಂಪ್‌ಸೆಟ್ ಮೋಟಾರು ಕದ್ದ ಅನ್ನುವ ಅನುಮಾನ. ಶುಕ್ರವಾರ ಬೆಳಗ್ಗೆ ಕರೆ ಬಂದಾಗ ತನ್ನ ಕಾಲಲ್ಲೇ ನಡೆದು ಠಾಣೆಗೆ ಹೋಗಿದ್ದ. ಅವನ ಅವ್ವ ಬುತ್ತಿ ಕಟ್ಟಿಕೊಂಡು ಜೊತೆಗೇ ಹೋಗಿದ್ದಳು. ದಾಖಲೆಯಲ್ಲಿ ಮಾತ್ರ ಬಂಧನ ಆಗಿದ್ದು ಶನಿವಾರ ರಾತ್ರಿ. ಬಂಧಿಸಿದವನನ್ನು 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ತರಬೇಕು ಅನ್ನುವ ಲೆಕ್ಕವನ್ನು ಹೀಗೆ ಸರಿಮಾಡುವ ವಿದ್ಯೆ ನಮ್ಮ ಬಾರ್ ರೂಮಿನಲ್ಲಿ ಎಲ್ಲರಿಗೂ ಗೊತ್ತು. ಭಾನುವಾರ ಜೀಪಿನಿಂದ ಇಳಿಯೋಕೆ ಅವನನ್ನು ಇಬ್ಬರು ಹಿಡಿದುಕೊಳ್ಳಬೇಕಾಯಿತು. ಬಲಗೈ ಜೋತುಬಿದ್ದಿತ್ತು.

“ಪೊಲೀಸರಿಂದ ಏನಾದರೂ ತೊಂದರೆ ಆಯ್ತೇನಪ್ಪಾ?” ಎಂದು ಮ್ಯಾಜಿಸ್ಟ್ರೇಟರು ಕೇಳಿದರು. ಹುಡುಗ ಪಕ್ಕದಲ್ಲಿ ನಿಂತಿದ್ದ ಪೇದೆಯ ಮುಖ ನೋಡಿದ. “ಇಲ್ಲ ಸಾರ್, ಬಾತ್‌ರೂಮಲ್ಲಿ ಜಾರಿ ಬಿದ್ದೆ” ಎಂದ. ವೈದ್ಯರ ಚೀಟಿಯಲ್ಲೂ ಅದೇ ಇತ್ತು.

ನಾನು ಮರುದಿನ ಒಂದು ನೆಪ ಮಾಡಿಕೊಂಡು ಆ ಠಾಣೆಯ ಬಾತ್‌ರೂಮು ನೋಡಿಬಂದೆ. ಹಿತ್ತಲಲ್ಲಿ ಒಂದು ಕಕ್ಕಸು, ಒರಟು ಸಿಮೆಂಟಿನ ನೆಲ. ಅಲ್ಲಿ ಜಾರಿ ಬೀಳಬೇಕು ಅಂದರೆ ಅಭ್ಯಾಸ ಬೇಕು.

ಮೋಟಾರು ಕದ್ದವನು ಬೇರೆಯವನು ಅಂತ ಆಮೇಲೆ ಗೊತ್ತಾಯಿತು. ಹುಡುಗನ ಮೇಲಿನ ಕೇಸು ಹೋಯಿತು, ಕೈ ಮಾತ್ರ ಇವತ್ತಿಗೂ ಭುಜದಿಂದ ಮೇಲೆ ಏಳುವುದಿಲ್ಲ. ಹೊಡೆದವರ ಮೇಲೆ ಖಾಸಗಿ ದೂರು ಹಾಕಿದೆವು. ಯಾರು ಹೊಡೆದರು, ಎಷ್ಟು ಹೊತ್ತಿಗೆ, ಯಾವುದರಿಂದ, ನೋಡಿದವರು ಯಾರು? ಲಾಕಪ್ಪಿನೊಳಗೆ ನೋಡಿದವರು ಯಾರಿರುತ್ತಾರೆ ಹೇಳಿ. ಹೊಡೆದವರು ಮತ್ತು ಹೊಡೆದವರ ಜೊತೆಗೆ ಡ್ಯೂಟಿ ಮಾಡುವವರು. ದೂರು ನಿಲ್ಲಲಿಲ್ಲ.

ಆ ಠಾಣೆಯ ಹೆಸರು ನಾನು ಹೇಳುವುದಿಲ್ಲ. ಅಲ್ಲಿದ್ದವರನ್ನು ಬೈಯುವುದಕ್ಕೆ ಈ ಪತ್ರ ಬರೆಯುತ್ತಿಲ್ಲ. ನನ್ನ ಚಿಕ್ಕಪ್ಪನೇ ಹೆಡ್ ಕಾನ್‌ಸ್ಟೇಬಲ್ ಆಗಿದ್ದವರು. ಅವರು ಹೇಳುತ್ತಿದ್ದರು: “ಮೇಲಿನವರು ದಿನಾ ರಿಕವರಿ ಎಲ್ಲಿ ಅಂತಾರೆ. ಲ್ಯಾಬಿನ ರಿಪೋರ್ಟ್ ಬರೋಕೆ ತಿಂಗಳುಗಟ್ಟಲೆ. ಲಾಠಿಗೆ ಐದು ನಿಮಿಷ ಸಾಕು.” ನನ್ನ ಪ್ರಶ್ನೆ ಇಷ್ಟೇ. ಗಟ್ಟಿಮುಟ್ಟಾಗಿ ಒಳಗೆ ಹೋದ ಮನುಷ್ಯ ಗಾಯಗೊಂಡು ಹೊರಗೆ ಬಂದರೆ, ಏನಾಯಿತು ಅಂತ ಹೇಳಬೇಕಾದವರು ಯಾರು? ಗಾಯ ಆದವನಾ, ಅಥವಾ ಬೀಗದ ಕೈ ಇಟ್ಟುಕೊಂಡಿದ್ದವರಾ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನನಗೆ ಒಂದು ತಾರೀಖು ಸಿಕ್ಕಿತು. 1996ರ ಡಿಸೆಂಬರ್ 18, ಬುಧವಾರ. ಅವತ್ತು ಒಂದೇ ದಿನ ಎರಡು ಕೋರ್ಟುಗಳು ಲಾಕಪ್ಪಿನ ಬಗ್ಗೆ ತೀರ್ಪು ಕೊಟ್ಟವು. ಒಂದು ನಮ್ಮ ಸುಪ್ರೀಂ ಕೋರ್ಟು. ಇನ್ನೊಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್ ಊರಿನಲ್ಲಿರುವ ಯುರೋಪಿಯನ್ ಮಾನವ ಹಕ್ಕುಗಳ ನ್ಯಾಯಾಲಯ. ಮಾತಾಡಿಕೊಂಡು ಮಾಡಿದ್ದಲ್ಲ, ಹಾಗೇ ಕೂಡಿ ಬಂದಿದ್ದು. ಮೊದಲು ದೂರದ್ದನ್ನು ಹೇಳುತ್ತೇನೆ.

ಟರ್ಕಿಯ ಆಗ್ನೇಯ ಭಾಗದಲ್ಲಿ, ಕುರ್ದ್ ಜನ ಹೆಚ್ಚಿರುವ ಮಾರ್ದಿನ್ ಪ್ರಾಂತ್ಯದಲ್ಲಿ ಕಿಜಿಲ್‌ತೆಪೆ ಅನ್ನುವ ಊರಿದೆ. ಅಲ್ಲಿ ಜೆಕಿ ಅಕ್ಸೊಯ್ ಎಂಬ ಲೋಹದ ಕೆಲಸಗಾರನಿದ್ದ. 1992ರ ನವೆಂಬರ್ ಕೊನೆಯಲ್ಲಿ, ಪಿಕೆಕೆ ಅನ್ನುವ ಬಂಡುಕೋರ ಸಂಘಟನೆಗೆ ಸಹಾಯ ಮಾಡಿದ ಎಂಬ ಅನುಮಾನದ ಮೇಲೆ ಅವನನ್ನು ಹಿಡಿದರು. ಆ ಭಾಗದಲ್ಲಿ ತುರ್ತು ಪರಿಸ್ಥಿತಿ ಇತ್ತು. 30 ದಿನದವರೆಗೆ ನ್ಯಾಯಾಧೀಶರಿಗೆ ತೋರಿಸದೆ ಇಟ್ಟುಕೊಳ್ಳಬಹುದಿತ್ತು. ಅಕ್ಸೊಯ್‌ನನ್ನು ಕಡಿಮೆ ಅಂದರೂ 14 ದಿನ ಇಟ್ಟುಕೊಂಡರು. ಬಟ್ಟೆ ಬಿಚ್ಚಿ, ಎರಡೂ ಕೈ ಬೆನ್ನ ಹಿಂದೆ ಕಟ್ಟಿ, ಆ ಕಟ್ಟಿದ ಕೈಗಳಿಂದಲೇ ನೇತುಹಾಕಿದರು. ತೀರ್ಪಿನಲ್ಲಿ ಇದಕ್ಕೆ ‘ಪ್ಯಾಲೆಸ್ಟೀನಿಯನ್ ನೇತು’ ಅನ್ನುವ ಹೆಸರಿದೆ. ಅದನ್ನು ಓದುವಾಗ ನನಗೆ ಚಿಕ್ಕಪ್ಪನ ಬಾಯಲ್ಲಿ ಕೇಳಿದ ಮಾತು ನೆನಪಾಯಿತು. ನಮ್ಮ ಠಾಣೆಗಳ ಭಾಷೆಯಲ್ಲಿ ಅದು ‘ಏರೋಪ್ಲೇನ್’. ಭುಜದ ಕೀಲು, ನರ ಎಲ್ಲ ಹೋಗುತ್ತವೆ, ಚರ್ಮದ ಮೇಲೆ ಗುರುತು ಕಾಣೋದು ಕಡಿಮೆ. ಗಾರೆ ಹುಡುಗನ ಬಲಗೈ ಕೂಡ ನೆನಪಾಯಿತು.

ಅಕ್ಸೊಯ್‌ನನ್ನು ಬಿಡುವ ಮೊದಲು ಸರ್ಕಾರಿ ಪ್ರಾಸಿಕ್ಯೂಟರ್ ಮುಂದೆ ನಿಲ್ಲಿಸಿದರು. ಹೇಳಿಕೆಗೆ ಸಹಿ ಹಾಕು ಅಂದರೆ ಅವನ ಕೈ ಆಡುತ್ತಿರಲಿಲ್ಲ. ಪ್ರಾಸಿಕ್ಯೂಟರ್ ಅದನ್ನು ನೋಡಿದರೂ ಏನನ್ನೂ ಕೇಳಲಿಲ್ಲ. ಬಿಡುಗಡೆಯಾದ ಕೆಲವೇ ದಿನಕ್ಕೆ ಅವನು ಆಸ್ಪತ್ರೆ ಸೇರಿದ. ಎರಡೂ ತೋಳುಗಳ ನರ ಸೋತಿವೆ ಎಂದು ವೈದ್ಯರು ಬರೆದರು. ಮರುವರ್ಷ ಅವನ ಅರ್ಜಿ ಸ್ಟ್ರಾಸ್‌ಬರ್ಗ್‌ಗೆ ಹೋಯಿತು. 1994ರ ಏಪ್ರಿಲ್‌ನಲ್ಲಿ ಅವನನ್ನು ಯಾರೋ ಗುಂಡಿಟ್ಟು ಕೊಂದರು. ಕೇಸು ವಾಪಸ್ ತಗೋ ಅಂತ ಫೋನಿನಲ್ಲಿ ಬೆದರಿಕೆ ಬಂದಿತ್ತು ಎಂದು ಅವನ ಕಡೆಯವರು ಹೇಳಿದರು, ಸರ್ಕಾರ ಒಪ್ಪಲಿಲ್ಲ. ಅವನ ಅಪ್ಪ ಕೇಸು ಮುಂದುವರಿಸಿದ.

ತೀರ್ಪು ಬಂದಾಗ ಮೂರು ಮಾತು ಸ್ಪಷ್ಟವಾಯಿತು. ಇದು ಚಿತ್ರಹಿಂಸೆ. ಒಂದು ಸರ್ಕಾರ ಚಿತ್ರಹಿಂಸೆ ಮಾಡಿದೆ ಎಂದು ಆ ಕೋರ್ಟು ಹೇಳಿದ್ದು ಅದೇ ಮೊದಲು. ತುರ್ತು ಪರಿಸ್ಥಿತಿ ಇದ್ದರೂ 14 ದಿನ ನ್ಯಾಯಾಧೀಶರ ಮುಖ ತೋರಿಸದೆ ಇಟ್ಟುಕೊಳ್ಳುವುದು ತಪ್ಪು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಮೂರನೆಯದು: ಆರೋಗ್ಯವಾಗಿ ಕಸ್ಟಡಿಗೆ ಹೋದವನು ಗಾಯವಾಗಿ ಬಂದರೆ, ಆ ಗಾಯ ಹೇಗಾಯಿತು ಎಂದು ನಂಬುವಂಥ ವಿವರಣೆ ಕೊಡುವ ಹೊಣೆ ಸರ್ಕಾರದ್ದು. ಕೊಡದಿದ್ದರೆ ತಪ್ಪು ಸರ್ಕಾರದ್ದೇ ಎಂದು ಲೆಕ್ಕ. ಕಾರ್ಸಿಕಾದ ಒಬ್ಬ ವ್ಯಾಪಾರಿಯ ಕೇಸಿನಲ್ಲಿ 1992ರಲ್ಲೇ ಫ್ರಾನ್ಸಿಗೆ ಇದೇ ಮಾತು ಹೇಳಿದ್ದರು. ಅಂದರೆ ಟರ್ಕಿಗೊಂದು, ಫ್ರಾನ್ಸಿಗೊಂದು ಅಂತಿಲ್ಲ.

ಇದಾಗಿ ಮೂರು ತಿಂಗಳೊಳಗೆ, 1997ರ ಮಾರ್ಚ್‌ನಲ್ಲಿ, ಟರ್ಕಿಯ ಸಂಸತ್ತು ಪೊಲೀಸ್ ಕಸ್ಟಡಿಯ ಅವಧಿಯನ್ನು ಇಳಿಸುವ ಕಾಯ್ದೆ ಮಾಡಿತು. ಕೇಸಿನ ಮೇಲೆ ಕೇಸು ಸೋಲುತ್ತಾ, ಪರಿಹಾರ ಕಟ್ಟುತ್ತಾ ಹೋದಂತೆ ಇನ್ನಷ್ಟು ಬದಲಾವಣೆ ಬಂತು. ಯುರೋಪಿಯನ್ ಒಕ್ಕೂಟಕ್ಕೆ ಸೇರುವ ಆಸೆಯೂ ಇತ್ತು ಅನ್ನಿ, ಎಲ್ಲ ಶ್ರೇಯಸ್ಸೂ ಕೋರ್ಟಿನದಲ್ಲ.

ಈ ಕೋರ್ಟಿಗೆ ಪೊಲೀಸರಿಲ್ಲ, ಜೈಲಿಲ್ಲ. ಇರುವುದು 1950ರ ಒಂದು ಒಪ್ಪಂದ, 46 ದೇಶಗಳು, ದೇಶಕ್ಕೊಬ್ಬರಂತೆ 46 ನ್ಯಾಯಾಧೀಶರು. ತನ್ನ ದೇಶದ ಕೋರ್ಟುಗಳನ್ನೆಲ್ಲ ಹತ್ತಿ ಇಳಿದ ಯಾರು ಬೇಕಾದರೂ ಅಂಚೆಯಲ್ಲಿ ಅರ್ಜಿ ಕಳಿಸಬಹುದು. ಕೋರ್ಟ್ ಫೀ ಇಲ್ಲ. ತೀರ್ಪು ಬಂದ ಮೇಲೆ ‘ಏನು ಮಾಡಿದಿರಿ’ ಅಂತ ಉಳಿದ ದೇಶಗಳ ಮಂತ್ರಿಗಳ ಸಮಿತಿ ಕೇಳುತ್ತಲೇ ಇರುತ್ತದೆ. ಇಷ್ಟೇ ಅದರ ಬಲ. ಸಾಲದು ಅಂತೀರಾ? ಕೆಲವೊಮ್ಮೆ ನಿಜಕ್ಕೂ ಸಾಲುವುದಿಲ್ಲ. 2016ರ ದಂಗೆಯ ಯತ್ನದ ನಂತರ ಅದೇ ಟರ್ಕಿ ಕಸ್ಟಡಿಯನ್ನು ಮತ್ತೆ 30 ದಿನಕ್ಕೆ ಏರಿಸಿತ್ತು. ಜೈಲಿಗೆ ಹಾಕಿದ್ದ ಒಸ್ಮಾನ್ ಕವಾಲಾ ಎಂಬ ಉದ್ಯಮಿಯನ್ನು ಬಿಡಿ ಎಂದು 2019ರಲ್ಲಿ ಸ್ಟ್ರಾಸ್‌ಬರ್ಗ್ ಹೇಳಿದರೂ ಬಿಡಲಿಲ್ಲ. ಇದನ್ನು ಮುಚ್ಚಿಟ್ಟು ನಿಮಗೆ ಬರೀ ಸಿಹಿ ಕಥೆ ಹೇಳುವುದು ನನಗೆ ಬೇಕಿಲ್ಲ.

ಈಗ ದೆಹಲಿಯ ತೀರ್ಪು. ಅದರ ಹೆಸರು ನಮ್ಮಲ್ಲಿ ಕಾನೂನು ಓದಿದ ಎಲ್ಲರಿಗೂ ಬಾಯಿಪಾಠ: ಡಿ.ಕೆ. ಬಸು ವರ್ಸಸ್ ಪಶ್ಚಿಮ ಬಂಗಾಳ ರಾಜ್ಯ. ಅದು ಹುಟ್ಟಿದ್ದು ಒಂದು ಪತ್ರದಿಂದ. 1986ರ ಆಗಸ್ಟ್‌ನಲ್ಲಿ ಬಂಗಾಳದ ಒಂದು ಕಾನೂನು ನೆರವು ಸಂಸ್ಥೆಯ ಅಧ್ಯಕ್ಷರಾಗಿದ್ದ ಬಸು, ಲಾಕಪ್ ಸಾವುಗಳ ಬಗ್ಗೆ ಪತ್ರಿಕೆಯಲ್ಲಿ ಬಂದ ಸುದ್ದಿಯನ್ನು ಮುಂದಿಟ್ಟು ಮುಖ್ಯ ನ್ಯಾಯಮೂರ್ತಿಗೆ ಪತ್ರ ಬರೆದರು. ಕೋರ್ಟು ಅದನ್ನೇ ರಿಟ್ ಅರ್ಜಿ ಅಂತ ತೆಗೆದುಕೊಂಡಿತು. ಹತ್ತು ವರ್ಷ ಕಳೆದು 11 ಸೂಚನೆಗಳು ಬಂದವು. ಎದೆ ಮೇಲೆ ಹೆಸರಿನ ಪಟ್ಟಿ, ಸಾಕ್ಷಿ ಸಹಿಯಿರುವ ಬಂಧನದ ಮೆಮೊ, ಮನೆಯವರಿಗೆ ಸುದ್ದಿ, 48 ಗಂಟೆಗೊಮ್ಮೆ ವೈದ್ಯರ ತಪಾಸಣೆ. ಇವತ್ತು ನಿಮ್ಮ ಕ್ಷೇತ್ರದ ಯಾವ ಠಾಣೆಗೆ ಹೋದರೂ ಗೋಡೆಯ ಮೇಲೆ ಈ ಬೋರ್ಡು ಇರುತ್ತದೆ. ಧೂಳು ಒರೆಸಿ ಓದಬೇಕು, ಅಷ್ಟೇ.

ಅದಕ್ಕೂ ಮೊದಲು ಇನ್ನೊಂದು ಪತ್ರ ಇತ್ತು. ಒಡಿಶಾದ ನೀಲಾಬತಿ ಬೆಹೆರಾ ಎಂಬ ತಾಯಿ 1988ರಲ್ಲಿ ಬರೆದದ್ದು. 22 ವರ್ಷದ ಮಗನನ್ನು ಪೊಲೀಸರು ಕರೆದೊಯ್ದ ಮರುದಿನ ಅವನ ಹೆಣ ರೈಲು ಹಳಿಯ ಮೇಲೆ ಸಿಕ್ಕಿತ್ತು. ತಪ್ಪಿಸಿಕೊಂಡು ಓಡಿದ, ರೈಲಿಗೆ ಸಿಕ್ಕ ಅನ್ನೋದು ಪೊಲೀಸರ ಮಾತು. ‘ಜಾರಿ ಬಿದ್ದ’ನ ಅಣ್ಣ ಇದು. ಸುಪ್ರೀಂ ಕೋರ್ಟು 1993ರಲ್ಲಿ ಅದನ್ನು ನಂಬಲಿಲ್ಲ, ವಿವರಿಸುವ ಹೊಣೆ ಸರ್ಕಾರದ ಮೇಲಿದೆ ಎಂದಿತು, ತಾಯಿಗೆ 1,50,000 ರೂಪಾಯಿ ಪರಿಹಾರ ಕೊಡಿಸಿತು. ಅಕ್ರಮ ಬಂಧನಕ್ಕೆ ಪರಿಹಾರ ಸಿಗಬೇಕು ಎನ್ನುವ ಒಂದು ವಿಧಿ ಅಂತರರಾಷ್ಟ್ರೀಯ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯಲ್ಲಿದೆ. 1979ರಲ್ಲಿ ಆ ಒಡಂಬಡಿಕೆ ಸೇರುವಾಗ ಭಾರತ ಈ ವಿಧಿಗೆ ತಕರಾರು ಬರೆಸಿತ್ತು. ಪರಿಹಾರ ಕೊಡಿಸುವಾಗ ಕೋರ್ಟು ಅದೇ ವಿಧಿಯನ್ನು ಎತ್ತಿ ಹೇಳಿತು. ಸರ್ಕಾರ ಮುಂಬಾಗಿಲು ಹಾಕಿಕೊಂಡಿತ್ತು, ನ್ಯಾಯಮೂರ್ತಿಗಳು ಹಿತ್ತಲ ಬಾಗಿಲು ತೆಗೆದರು. 1997ರಲ್ಲಿ ವಿಶಾಖಾ ಕೇಸಿನಲ್ಲಿಯೂ ಹೀಗೇ ಆಯಿತು. ಕೆಲಸದ ಜಾಗದಲ್ಲಿ ಲೈಂಗಿಕ ಕಿರುಕುಳದ ಬಗ್ಗೆ ನಮ್ಮಲ್ಲಿ ಕಾಯ್ದೆಯೇ ಇರಲಿಲ್ಲ. ಮಹಿಳೆಯರ ಮೇಲಿನ ತಾರತಮ್ಯ ತೊಲಗಿಸುವ ವಿಶ್ವಸಂಸ್ಥೆಯ ಒಪ್ಪಂದವನ್ನು ಆಧಾರ ಮಾಡಿಕೊಂಡು ಕೋರ್ಟು ನಿಯಮ ಬರೆಯಿತು. ನಿಮ್ಮ ಸಂಸತ್ತು ಕಾಯ್ದೆ ಮಾಡಿದ್ದು 16 ವರ್ಷದ ನಂತರ, 2013ರಲ್ಲಿ.

ಹಾಗಾದರೆ ನಮ್ಮಲ್ಲೂ ಸರಿಯಾಗಿದೆ ಅಲ್ವಾ ಎಂದು ನೀವು ಕೇಳಬಹುದು. ಅರ್ಧ ಸರಿಯಾಗಿದೆ. ನೀಲಾಬತಿ ಕೇಸಿನಲ್ಲಿ ಹೊಣೆ ಸರ್ಕಾರದ ಮೇಲೆ ಬಿದ್ದಿದ್ದು ಪರಿಹಾರದ ವಿಷಯಕ್ಕೆ. ಹೊಡೆದವರಿಗೆ ಶಿಕ್ಷೆ ಕೊಡಿಸಬೇಕು ಅಂದರೆ ತಾಲ್ಲೂಕು ಕೋರ್ಟಿನಲ್ಲಿ ಎಲ್ಲವನ್ನೂ ಗಾಯಗೊಂಡವನೇ ಸಾಬೀತು ಮಾಡಬೇಕು. ಇದನ್ನು ಸರಿಮಾಡಿ ಅಂತ ಕಾನೂನು ಆಯೋಗ 1985ರಲ್ಲೇ, ತನ್ನ 113ನೇ ವರದಿಯಲ್ಲಿ ಹೇಳಿತ್ತು. ಸಾಕ್ಷ್ಯ ಕಾಯ್ದೆಗೆ 114ಬಿ ಎಂಬ ಒಂದು ಕಲಂ ಸೇರಿಸಿ; ಕಸ್ಟಡಿಯಲ್ಲಿದ್ದಾಗ ಗಾಯ ಆಗಿದ್ದರೆ, ಅದನ್ನು ಆ ಕಸ್ಟಡಿ ಇಟ್ಟುಕೊಂಡಿದ್ದ ಅಧಿಕಾರಿ ಮಾಡಿದ್ದು ಎಂದು ಕೋರ್ಟು ಭಾವಿಸಬಹುದು; ಅಲ್ಲ ಅನ್ನುವುದಾದರೆ ಅಧಿಕಾರಿ ತೋರಿಸಲಿ. ಅಕ್ಸೊಯ್ ತೀರ್ಪಿಗಿಂತ 11 ವರ್ಷ ಮುಂಚೆ! ಬಸು ತೀರ್ಪಿನಲ್ಲೂ ಇದರ ಪ್ರಸ್ತಾಪ ಇದೆ. 2017ರ ಅಕ್ಟೋಬರಿನಲ್ಲಿ ಆಯೋಗ 273ನೇ ವರದಿಯಲ್ಲಿ ಅದನ್ನೇ ಮತ್ತೆ ಹೇಳಿತು. 2023ರ ಡಿಸೆಂಬರಿನಲ್ಲಿ ನೀವು ಕ್ರಿಮಿನಲ್ ಕಾಯ್ದೆಗಳನ್ನು ಮೂರಕ್ಕೆ ಮೂರೂ ಹೊಸದಾಗಿ ಬರೆದಿರಿ. ನಾನು ಭಾರತೀಯ ಸಾಕ್ಷ್ಯ ಅಧಿನಿಯಮದ ಪ್ರತಿ ತರಿಸಿ ಮೊದಲು ಹುಡುಕಿದ್ದೇ ಈ ಕಲಂ. ಹಳೇ 114ಎ ಈಗ 120 ಆಗಿದೆ. ಮುಂದಿನ 121 ಬೇರೆ ವಿಷಯ. ನಡುವೆ ಬರಬೇಕಿದ್ದದ್ದು ಬರಲೇ ಇಲ್ಲ.

ಇಂಥ ಕಲಂ ಹಾಕಿದರೆ ಪೊಲೀಸರಿಗೆ ಅನ್ಯಾಯ ಅನ್ನುವವರಿದ್ದಾರೆ. ವರದಕ್ಷಿಣೆ ಸಾವಿನ ಕೇಸುಗಳಲ್ಲಿ ಗಂಡನ ಮನೆಯವರ ಮೇಲೆ ಇಂಥದೇ ಹೊಣೆಯನ್ನು 1986ರಿಂದ ಹೊರಿಸಿದ್ದೇವೆ. ಯಾಕೆ? ನಾಲ್ಕು ಗೋಡೆಯ ಒಳಗೆ ನಡೆದದ್ದಕ್ಕೆ ಹೊರಗಿನ ಸಾಕ್ಷಿ ಸಿಗೋದಿಲ್ಲ ಅಂತ. ಕಸ್ಟಡಿಯಲ್ಲಿ ನಡೆಯುವ ಅತ್ಯಾಚಾರದ ಕೇಸಿಗೂ, ಮಹಿಳೆ ಒಪ್ಪಿರಲಿಲ್ಲ ಎಂದು ಭಾವಿಸುವ ಕಲಂ 1983ರಿಂದ ಇದೆ. ಅತ್ತೆಮನೆಯ ಗೋಡೆಗೆ ಅನ್ವಯಿಸುವ ತರ್ಕ ಲಾಕಪ್ಪಿನ ಗೋಡೆಗೆ ಯಾಕೆ ಅನ್ವಯಿಸಬಾರದು?

ವಕೀಲರ ವಿಷಯ ಒಂದಿಷ್ಟು ಹೇಳಿ ಮುಂದೆ ಹೋಗುತ್ತೇನೆ, ಹೊಟ್ಟೆಪಾಡಿನ ಸ್ವಾರ್ಥ ಅಂದುಕೊಂಡರೂ ಸರಿ. ವಿಚಾರಣೆಯ ವೇಳೆ ವಕೀಲರನ್ನು ಭೇಟಿ ಮಾಡಬಹುದು, ಆದರೆ ವಿಚಾರಣೆ ಮುಗಿಯುವವರೆಗೂ ಅವರು ಜೊತೆಗಿರುವಂತಿಲ್ಲ ಅನ್ನುತ್ತದೆ ನಮ್ಮ ಕಾಯ್ದೆ. ಸ್ಕಾಟ್ಲೆಂಡಿನಲ್ಲಿ ಇನ್ನೂ ಕಷ್ಟವಿತ್ತು. ಅನುಮಾನ ಬಂದವನನ್ನು ವಕೀಲರಿಲ್ಲದೆ 6 ಗಂಟೆ ಕೂರಿಸಿ ಪ್ರಶ್ನೆ ಮಾಡಬಹುದಿತ್ತು. 2008ರಲ್ಲಿ ಇಜ್ಮಿರ್‌ನ ಒಬ್ಬ 17ರ ಹುಡುಗನ ಕೇಸಿನಲ್ಲಿ, ಮೊದಲ ವಿಚಾರಣೆಯಿಂದಲೇ ವಕೀಲರು ಸಿಗಬೇಕು ಎಂದು ಸ್ಟ್ರಾಸ್‌ಬರ್ಗ್ ಹೇಳಿತು. ಅದು ಟರ್ಕಿಯ ಕೇಸು. ಆದರೆ 2010ರ ಅಕ್ಟೋಬರ್ 26ರಂದು ಬ್ರಿಟನ್ನಿನ ಸುಪ್ರೀಂ ಕೋರ್ಟು, ಆ ನಿಯಮದ ಪ್ರಕಾರ ಸ್ಕಾಟ್ಲೆಂಡಿನ ಪದ್ಧತಿ ತಪ್ಪು ಎಂದಿತು. ಮರುದಿನವೇ, ಒಂದೇ ದಿನದಲ್ಲಿ, ಸ್ಕಾಟಿಷ್ ಸಂಸತ್ತು ತುರ್ತು ಕಾಯ್ದೆ ಪಾಸು ಮಾಡಿತು. ಹಾಗೇ 6 ಗಂಟೆಯನ್ನು 12 ಮಾಡಿಕೊಂಡಿತು ಅನ್ನೋದು ಬೇರೆ ಮಾತು. ಸರ್ಕಾರಗಳು ಎಲ್ಲ ಕಡೆ ಸರ್ಕಾರಗಳೇ.

ಪರದೇಶದ ಕೋರ್ಟು ನಮಗೆ ಬುದ್ಧಿ ಹೇಳಬೇಕಾ ಅನ್ನುವ ಮಾತು ನಿಮ್ಮಲ್ಲಿ ಕೆಲವರ ಬಾಯಿಗೆ ಬಂದಿರುತ್ತದೆ. ನಮ್ಮ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದರು, ಮೊದಲ ಕರಡು ಅವರದು. ಅದೇ ರಾಯರು 1952ರಲ್ಲಿ ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ನ್ಯಾಯಾಧೀಶರಾಗಿ ಕೂತರು. ಎರಡೂ ಕೆಲಸ ಅವರಿಗೆ ಬೇರೆ ಬೇರೆ ಅನಿಸಿರಲಿಕ್ಕಿಲ್ಲ. ಅಂತರರಾಷ್ಟ್ರೀಯ ಕಾನೂನಿಗೆ ಗೌರವ ಕೊಡಿ ಅಂತ ಸಂವಿಧಾನದ 51ನೇ ವಿಧಿಯಲ್ಲೇ ಬರೆದಿದೆ.

ಅದೂ ಬೇಡ, ಕುಲಭೂಷಣ್ ಜಾಧವ್ ಕೇಸು ನೆನಪಿಸಿಕೊಳ್ಳಿ. 2017ರ ಏಪ್ರಿಲ್‌ನಲ್ಲಿ ಪಾಕಿಸ್ತಾನದ ಮಿಲಿಟರಿ ಕೋರ್ಟು ಅವರಿಗೆ ಗಲ್ಲು ವಿಧಿಸಿದಾಗ ನಾವು ಓಡಿದ್ದು ಹೇಗ್‌ಗೇ. ಹರೀಶ್ ಸಾಳ್ವೆ ಒಂದು ರೂಪಾಯಿ ಫೀ ತಗೊಂಡು ವಾದಿಸಿದರು, ದೇಶವೇ ಟಿವಿ ಮುಂದೆ ಕೂತಿತ್ತು. 2019ರ ಜುಲೈ 17ರಂದು 15–1ರ ತೀರ್ಪು ಬಂತು. ಭಾರತದ ಅಧಿಕಾರಿಗಳಿಗೆ ಭೇಟಿಗೆ ಬಿಡದಿದ್ದದ್ದು ತಪ್ಪು, ಶಿಕ್ಷೆಯನ್ನು ಮರುಪರಿಶೀಲಿಸಬೇಕು, ಅಲ್ಲಿಯವರೆಗೆ ಗಲ್ಲು ಬೇಡ. ಆ ತೀರ್ಪಿನಿಂದಾಗಿ ಪಾಕಿಸ್ತಾನ 2020ರಲ್ಲಿ ಸುಗ್ರೀವಾಜ್ಞೆ ತಂದಿತು, 2021ರಲ್ಲಿ ಕಾಯ್ದೆಯನ್ನೇ ಮಾಡಿತು. ಹೊರಗಿನ ಕೋರ್ಟು ಇನ್ನೊಂದು ದೇಶದ ಕಾನೂನು ಬದಲಿಸಿದ್ದಕ್ಕೆ ಆಗ ನಾವೆಲ್ಲ ಪಟಾಕಿ ಹೊಡೆದೆವು.

ಇನ್ನೊಂದು ಕಥೆ ರಾಜ್ಯಸಭೆಯವರಿಗೆ ಹತ್ತಿರದ್ದು. ಕರ್ನಾಟಕದಿಂದ ಎರಡು ಸಲ ನಿಮ್ಮ ಸದನಕ್ಕೆ ಆಯ್ಕೆಯಾಗಿದ್ದ ವಿಜಯ್ ಮಲ್ಯ ಅವರನ್ನು ಲಂಡನ್ನಿನಿಂದ ಕರೆತರುವ ಕೇಸಿನಲ್ಲಿ, 2018ರ ಜುಲೈನಲ್ಲಿ ಅಲ್ಲಿನ ನ್ಯಾಯಾಧೀಶೆ ಮುಂಬೈ ಆರ್ಥರ್ ರೋಡ್ ಜೈಲಿನ 12ನೇ ಬ್ಯಾರಕ್ಕಿನ ವಿಡಿಯೊ ಕೇಳಿದರು, ಅದೂ ಹಗಲಲ್ಲಿ ತೆಗೆದದ್ದು. ಕಿಟಕಿ ಎಲ್ಲಿದೆ, ಬೆಳಕು ಎಷ್ಟು ಬರುತ್ತದೆ, ಎಲ್ಲ ನೋಡಬೇಕಂತೆ. ಅದು ಅವರ ತಲೆಗೆ ಸುಮ್ಮನೆ ಬಂದ ಯೋಚನೆಯಲ್ಲ. ಅಮಾನವೀಯವಾಗಿ ನಡೆಸಿಕೊಳ್ಳುವ ಅಪಾಯ ಇರುವ ಕಡೆಗೆ ಯಾರನ್ನೂ ಕಳಿಸಬಾರದು ಎಂದು ಸ್ಟ್ರಾಸ್‌ಬರ್ಗ್ 1989ರಲ್ಲಿ ಮಾಡಿದ ನಿಯಮ ಅದು. ವಿಡಿಯೊ ನೋಡಿ ಅವರು ಒಪ್ಪಿದರು. ಎಲ್ಲರೂ ಹಾಗೆ ಒಪ್ಪುವುದಿಲ್ಲ. 1995ರಲ್ಲಿ ಪುರುಲಿಯಾದಲ್ಲಿ ವಿಮಾನದಿಂದ ಬಂದೂಕು ಸುರಿದ ಕೇಸಿನ ಕಿಮ್ ಡೇವಿಯನ್ನು ಕಳಿಸಿ ಎಂದರೆ ಡೆನ್ಮಾರ್ಕಿನ ಕೋರ್ಟು 2011ರಲ್ಲೊಮ್ಮೆ, 2024ರಲ್ಲಿ ಇನ್ನೊಮ್ಮೆ ಆಗಲ್ಲ ಎಂದಿತು. ಕಾರಣ, ಭಾರತದಲ್ಲಿ ಚಿತ್ರಹಿಂಸೆಯ ಅಪಾಯ. ನಮ್ಮ ಲಾಕಪ್ಪಿನ ಹೆಸರು ಅಲ್ಲಿಯವರೆಗೂ ಹೋಗಿದೆ. ಮಲ್ಯ ಅವರಿಗಾಗಿ ಬ್ಯಾರಕ್ಕಿನ ಕಿಟಕಿ ಎಣಿಸುವವರು ಇದ್ದರು. ನನ್ನ ಗಾರೆ ಹುಡುಗನ ಕಕ್ಕಸಿನ ನೆಲ ನೋಡಿದ್ದು ನಾನೊಬ್ಬಳೇ.

ಯಾಕೆಂದರೆ ಅವನಿಗೆ ಸುಪ್ರೀಂ ಕೋರ್ಟಿನ ಆಚೆ ಬಾಗಿಲಿಲ್ಲ. ಯುರೋಪಿಗೆ ಸ್ಟ್ರಾಸ್‌ಬರ್ಗ್ ಇದೆ. ಲ್ಯಾಟಿನ್ ಅಮೆರಿಕದವರಿಗೆ ಕೋಸ್ಟರಿಕಾದ ಸ್ಯಾನ್ ಹೋಸೆಯಲ್ಲಿ ಕೋರ್ಟಿದೆ. ಆಫ್ರಿಕಾದ್ದು ತಾಂಜಾನಿಯಾದ ಅರುಶಾದಲ್ಲಿದೆ. ಏಷ್ಯಾಕ್ಕೆ ಇಲ್ಲ. ವಿಶ್ವಸಂಸ್ಥೆಯ ಸಮಿತಿಗೆ ಒಬ್ಬ ವ್ಯಕ್ತಿ ದೂರು ಕೊಡಲು ಅನುವಾಗುವ ಐಚ್ಛಿಕ ಪ್ರೋಟೊಕಾಲ್‌ಗೂ ಭಾರತ ಸೇರಿಲ್ಲ. ಉಳಿದದ್ದು ನೀವು.

1997ರ ಅಕ್ಟೋಬರ್ 14ರಂದು ಭಾರತ ವಿಶ್ವಸಂಸ್ಥೆಯ ಚಿತ್ರಹಿಂಸೆ ವಿರೋಧಿ ಒಪ್ಪಂದಕ್ಕೆ ಸಹಿ ಹಾಕಿತು. ನಮ್ಮ ದೇವೇಗೌಡರು ಪ್ರಧಾನಿ ಹುದ್ದೆ ಬಿಟ್ಟು ಇನ್ನೂ ಆರು ತಿಂಗಳು ತುಂಬಿರಲಿಲ್ಲ, ಗುಜ್ರಾಲ್ ಪ್ರಧಾನಿ. ಸಹಿ ಅಂದರೆ ನಿಶ್ಚಿತಾರ್ಥ ಇದ್ದಂತೆ. ಅನುಮೋದನೆ ಆದರೆ ಮಾತ್ರ ಮದುವೆ. ಕಾಲು ಶತಮಾನ ದಾಟಿತು, ಮುಹೂರ್ತ ಬರಲಿಲ್ಲ. ವಾಜಪೇಯಿ, ಮನಮೋಹನ್ ಸಿಂಗ್, ಮೋದಿ, ಯಾರ ಕಾಲದಲ್ಲೂ ಆಗಲಿಲ್ಲ. ಹಾಗಾಗಿ ಇದನ್ನು ಒಂದು ಪಕ್ಷದ ತಲೆಗೆ ಕಟ್ಟುವ ಹಾಗಿಲ್ಲ. 2010ರ ಮೇನಲ್ಲಿ ಲೋಕಸಭೆ ಚಿತ್ರಹಿಂಸೆ ತಡೆಯುವ ಒಂದು ಮಸೂದೆ ಪಾಸು ಮಾಡಿತ್ತು. ಸೊರಗಿದ ಮಸೂದೆ ಅದು, ಆರು ತಿಂಗಳೊಳಗೆ ದೂರು ಕೊಡಬೇಕು, ಕೇಸಿಗೆ ಸರ್ಕಾರದ ಅನುಮತಿ ಬೇಕು. ರಾಜ್ಯಸಭೆ ಅದನ್ನು ಆಯ್ಕೆ ಸಮಿತಿಗೆ ಕಳಿಸಿತು. ಅಶ್ವನಿ ಕುಮಾರ್ ಅಧ್ಯಕ್ಷತೆಯಲ್ಲಿ ಸಮಿತಿ ಅದನ್ನು ಚೆನ್ನಾಗಿ ತಿದ್ದಿ ಕೊಟ್ಟಿತು. ಆಮೇಲೆ ಅದು ಕಪಾಟು ಸೇರಿ 2014ರಲ್ಲಿ ಸತ್ತುಹೋಯಿತು. ಬೇಸತ್ತ ಅಶ್ವನಿ ಕುಮಾರ್ ಅವರೇ ಸುಪ್ರೀಂ ಕೋರ್ಟಿಗೆ ಹೋದರು. ಕಾಯ್ದೆ ಮಾಡಿ ಅಂತ ಸಂಸತ್ತಿಗೆ ಹೇಳೋದು ನಮ್ಮ ಕೆಲಸವಲ್ಲ ಎಂದು ಕೋರ್ಟು 2019ರ ಸೆಪ್ಟೆಂಬರಿನಲ್ಲಿ ಅರ್ಜಿ ಮುಗಿಸಿತು. ಆ ಬೊಟ್ಟು ನಿಮ್ಮ ಕಡೆ ತಿರುಗಿದೆ.

ಸಹಿ ಹಾಕಿ, ಅನುಮೋದನೆ ಮಾಡಿ, ಕಾಯ್ದೆ ಮಾತ್ರ ಮಾಡದೆ ಕೂತರೆ ಏನಾಗುತ್ತದೆ ಅನ್ನೋದಕ್ಕೆ ಸೆನೆಗಲ್ ಇದೆ. ಚಾಡ್ ದೇಶದ ಹಳೆಯ ಸರ್ವಾಧಿಕಾರಿ ಹಿಸೆನ್ ಹಾಬ್ರೆ ಅಲ್ಲಿ ಆರಾಮಾಗಿದ್ದ. ಅವನಿಂದ ಹಿಂಸೆ ಅನುಭವಿಸಿದವರು 2000ದಲ್ಲಿ ದೂರು ಕೊಟ್ಟರೆ, ನಮ್ಮ ಕಾಯ್ದೆಯಲ್ಲಿ ಜಾಗವಿಲ್ಲ ಎಂದು ಅಲ್ಲಿನ ಕೋರ್ಟು ಕೈಚೆಲ್ಲಿತು. ವಿಚಾರಣೆ ಮಾಡಿ ಇಲ್ಲವೇ ಹಸ್ತಾಂತರಿಸಿ ಎಂದು ಹೇಗ್ 2012ರಲ್ಲಿ ಹೇಳಿದ ಮೇಲೆ ವಿಶೇಷ ಕೋರ್ಟು ಕೂತು, 2016ರಲ್ಲಿ ಅವನಿಗೆ ಜೀವಾವಧಿ ಆಯಿತು.

ನಮ್ಮ ನೆರೆಯವರನ್ನೂ ನೋಡಿ. ನೇಪಾಳ, ಶ್ರೀಲಂಕಾ, ಬಾಂಗ್ಲಾದೇಶ, ಪಾಕಿಸ್ತಾನ, ಚೀನಾ ಎಲ್ಲ ಈ ಒಪ್ಪಂದವನ್ನು ಅನುಮೋದಿಸಿವೆ. ಬಾಂಗ್ಲಾ 2013ರಲ್ಲಿ, ಪಾಕಿಸ್ತಾನ 2022ರಲ್ಲಿ ಪ್ರತ್ಯೇಕ ಕಾಯ್ದೆಯನ್ನೂ ಮಾಡಿದವು. ಅಲ್ಲಿನ ಠಾಣೆಗಳೆಲ್ಲ ದೇವಸ್ಥಾನ ಆಗಿಬಿಟ್ಟಿವೆ ಎಂದು ನಾನು ಹೇಳುತ್ತಿಲ್ಲ. ಆದರೆ 2020ರಲ್ಲಿ ಢಾಕಾದ ಕೋರ್ಟು ಆ ಕಾಯ್ದೆಯಡಿ ಮೊದಲ ಸಲ ಮೂವರು ಪೊಲೀಸರಿಗೆ ಜೀವಾವಧಿ ಕೊಟ್ಟಿತು. ಅದೇ ವರ್ಷ ಜೂನ್‌ನಲ್ಲಿ ನಮ್ಮ ಪಕ್ಕದ ತಮಿಳುನಾಡಿನ ಸಾತಾನ್‌ಕುಳಂನಲ್ಲಿ, ಲಾಕ್‌ಡೌನ್ ಹೊತ್ತು ಮೀರಿ ಮೊಬೈಲ್ ಅಂಗಡಿ ತೆರೆದಿದ್ದಾರೆ ಅಂತ ಕರೆದೊಯ್ದ ಅಪ್ಪ ಮಗ ಇಬ್ಬರೂ ಸತ್ತಿದ್ದರು.

ನನಗೆ ಬೇಕಾದದ್ದು ತೀರಾ ದೊಡ್ಡದೇನಲ್ಲ. ಒಪ್ಪಂದ ಅನುಮೋದಿಸಿದರೆ ಪರದೇಶದ ಕೋರ್ಟಿಗೆ ಕೀಲಿಕೈ ಕೊಟ್ಟಂತೆ ಎಂಬ ಭಯ ಬೇಡ. ಹೇಗ್‌ಗೆ ಹೋಗುವ ವಿಧಿಗೆ, ವ್ಯಕ್ತಿಗಳ ದೂರಿನ ವಿಧಿಗೆ ಒಪ್ಪದೆಯೂ ಸೇರಬಹುದು, ಒಪ್ಪಂದದಲ್ಲೇ ಅದಕ್ಕೆ ದಾರಿಯಿದೆ. ಮುಂದಿನ ಅಧಿವೇಶನದಲ್ಲಿ ನಿಮ್ಮಲ್ಲಿ ಒಬ್ಬರಾದರೂ ಗೃಹ ಸಚಿವರಿಗೆ ಚುಕ್ಕೆ ಗುರುತಿನ ಪ್ರಶ್ನೆ ಹಾಕಿ: 273ನೇ ವರದಿ ಎಲ್ಲಿದೆ? ಶುಕ್ರವಾರ ಮಧ್ಯಾಹ್ನ ಸದಸ್ಯರ ಖಾಸಗಿ ಮಸೂದೆಗಳಿಗೆ ಸಮಯ ಇರುತ್ತದಲ್ಲ, ಆಗ 114ಬಿಯಲ್ಲಿ ಇದ್ದ ಆ ನಾಲ್ಕು ಸಾಲನ್ನು ಸಾಕ್ಷ್ಯ ಅಧಿನಿಯಮಕ್ಕೆ ಸೇರಿಸುವ ಮಸೂದೆ ಮಂಡಿಸಿ. ಕರಡು ಬೇಕಿದ್ದರೆ ನಾನೇ ಬರೆದುಕೊಡುತ್ತೇನೆ. ಕಾನೂನು ಆಯೋಗದವರು ಬರೆದಿಟ್ಟಿದ್ದು ನನ್ನದಕ್ಕಿಂತ ಚೆನ್ನಾಗಿದೆ, ಅದನ್ನೇ ತಗೊಳ್ಳಿ.

ಈ ಪತ್ರದ ಪ್ರತಿಯನ್ನು ನಿಮ್ಮ 40 ಮಂದಿಯ ಕಚೇರಿಗೂ ರಿಜಿಸ್ಟರ್ಡ್ ಅಂಚೆಯಲ್ಲಿ ಕಳಿಸಿದ್ದೇನೆ, ನನ್ನ ಹೆಸರು ವಿಳಾಸ ಅದರಲ್ಲಿದೆ. ಸ್ವೀಕೃತಿ ಚೀಟಿಗಳು ಬಂದಂತೆ ಬಾರ್ ರೂಮಿನ ನೋಟಿಸ್ ಬೋರ್ಡಿಗೆ ಅಂಟಿಸುತ್ತಿದ್ದೇನೆ. ಉತ್ತರಗಳು ಬಂದರೆ ಅವುಗಳಿಗೂ ಪಕ್ಕದಲ್ಲಿ ಜಾಗ ಬಿಟ್ಟಿದ್ದೇನೆ.

ಇಂತಿ ನಿಮ್ಮ ವಿಶ್ವಾಸಿ,
ತಾಲ್ಲೂಕು ಕೋರ್ಟಿನ ಒಬ್ಬ ವಕೀಲೆ